ಕುದುರೆ ಯಾರದು, ಕಪ್ ಯಾರಿಗೆ? ವೆಸ್ಟ್‌ಚೆಸ್ಟರ್ ಪೋಲೊ ಟ್ರೋಫಿ ಹೇಳುವ ಕಥೆ

1913ರ ಜೂನ್‌ನಲ್ಲಿ ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡ್‌ನ ಮೆಡೋ ಬ್ರೂಕ್ ಮೈದಾನದಲ್ಲಿ ನಡೆದ ಪೋಲೊ ಪಂದ್ಯವೊಂದರಲ್ಲಿ ಅಮೆರಿಕ ಗಳಿಸಿದ್ದು ನಾಲ್ಕೂವರೆ ಗೋಲು, ಇಂಗ್ಲೆಂಡ್ ಗಳಿಸಿದ್ದು ನಾಲ್ಕೂಕಾಲು. ಗೋಲಿನಲ್ಲಿ ಅರ್ಧ, ಕಾಲು ಎಲ್ಲಿಂದ ಬಂತು ಎಂದು ಯಾರಿಗಾದರೂ ಅನ್ನಿಸುತ್ತದೆ. ಆಗಿನ ಅಮೆರಿಕದ ನಿಯಮದಲ್ಲಿ ಫೌಲ್ ಮಾಡಿದ ತಂಡದ ಲೆಕ್ಕದಿಂದ ಅರ್ಧ ಗೋಲು ಕಳೆಯುತ್ತಿದ್ದರು. ಗಂಡಾಂತರ ತಪ್ಪಿಸಿಕೊಳ್ಳಲು ಚೆಂಡನ್ನು ತನ್ನದೇ ಗೋಲುಗೆರೆಯ ಆಚೆಗೆ ಅಟ್ಟಿದರೆ ಕಾಲು ಗೋಲು ಹೋಗುತ್ತಿತ್ತು. ಹೀಗೆ ಕೂಡಿ ಕಳೆದು ಉಳಿದ ಕಾಲು ಗೋಲಿನ ಅಂತರದಲ್ಲಿ ಬೆಳ್ಳಿಯ ಕಪ್ ಒಂದು ಅಮೆರಿಕದಲ್ಲೇ ಉಳಿಯಿತು.

ಅದು ವೆಸ್ಟ್‌ಚೆಸ್ಟರ್ ಕಪ್. ಎರಡು ದೇಶಗಳ ನಡುವಿನ ಪೋಲೊ ಟ್ರೋಫಿಗಳಲ್ಲಿ ಅತ್ಯಂತ ಹಳೆಯವುಗಳ ಸಾಲಿಗೆ ಸೇರಿದ್ದು. 1886ರಲ್ಲಿ ಶುರುವಾಗಿ, 1939ರವರೆಗೆ ಎರಡು ಸಿರಿವಂತ ದೇಶಗಳ ಮಾನಾಪಮಾನದ ಪ್ರಶ್ನೆಯಾಗಿ, ಆಮೇಲೆ ಅರ್ಧ ಶತಮಾನ ಮೂಲೆಗೆ ಬಿದ್ದು, ಈಗ ಆಗೊಮ್ಮೆ ಈಗೊಮ್ಮೆ ಹೊರಬರುವ ಟ್ರೋಫಿ. ಒಂದು ಕಾಲಕ್ಕೆ ಇದರ ಪಂದ್ಯ ನೋಡಲು ಸುಮಾರು ನಲವತ್ತು ಸಾವಿರ ಜನ ನೆರೆಯುತ್ತಿದ್ದರು. ಇಂದು ಪೋಲೊ ಬಲ್ಲವರ ವಲಯದ ಹೊರಗೆ ಇದರ ಹೆಸರು ಕೇಳಿದವರು ಕಡಿಮೆ. ದೇಶ ದೇಶಗಳ ನಡುವಿನ ಪೋಲೊ ಯಾಕೆ ಹೀಗೆ ಸೊರಗಿತು? ಖಾಸಗಿ ಧನಿಕರ ತಂಡಗಳು ಯಾಕೆ ಅದರ ಜಾಗವನ್ನು ಹಿಡಿದವು? ಈ ಪ್ರಶ್ನೆಗೆ ಉತ್ತರ ಈ ಕಪ್‌ನ ಚರಿತ್ರೆಯೊಳಗೇ ಇದೆ. ಗೆದ್ದವರ ಪಟ್ಟಿಯಲ್ಲಿ ದೇಶಗಳ ಹೆಸರಿದ್ದರೂ ಗೆಲ್ಲಿಸಿದ್ದು ಬಹುಪಾಲು ಕುದುರೆಗಳು, ಮತ್ತು ಆ ಕುದುರೆಗಳಿಗೆ ಹಣ ಸುರಿದವರು ಎಂಬುದು ನನ್ನ ವಾದ.

ಪೋಲೊದಲ್ಲಿ ಕುದುರೆ ಎಷ್ಟು ಮುಖ್ಯ ಎಂಬುದನ್ನು ಮೊದಲು ಹೇಳಿಬಿಡಬೇಕು. ತಂಡಕ್ಕೆ ನಾಲ್ವರು. ಮೈದಾನ 300 ಗಜ ಉದ್ದ, ಅಂದರೆ ಫುಟ್‌ಬಾಲ್ ಮೈದಾನಕ್ಕಿಂತ ಎರಡೂವರೆ ಪಟ್ಟು ಹೆಚ್ಚು. ಆಟವನ್ನು ಏಳೇಳು ನಿಮಿಷದ ಚಕ್ಕರ್‌ಗಳಾಗಿ ಹಂಚುತ್ತಾರೆ. ಏಳು ನಿಮಿಷ ನಾಗಾಲೋಟದಲ್ಲಿ ಓಡಿ, ಗಕ್ಕನೆ ನಿಂತು, ತಿರುಗಿ, ಎದುರಾಳಿಯ ಕುದುರೆಗೆ ಭುಜ ಕೊಟ್ಟು ತಳ್ಳಿದ ಪ್ರಾಣಿ ಮರುಚಕ್ಕರ್‌ಗೆ ಬಳಲಿರುತ್ತದೆ. ಹಾಗಾಗಿ ಚಕ್ಕರ್ ಮುಗಿದಂತೆ ಕುದುರೆ ಬದಲಾಗಬೇಕು. ಎಂಟು ಚಕ್ಕರ್‌ಗಳ ಆಟಕ್ಕೆ ಒಬ್ಬೊಬ್ಬನಿಗೂ ಆರೇಳು ಕುದುರೆ ಬೇಕು, ನಾಲ್ವರಿಗೆ ಒಂದು ಲಾಯವೇ ಬೇಕು. ಚೆಂಡಿನ ಬಳಿಗೆ ಅರ್ಧ ಕ್ಷಣ ಮೊದಲು ತಲುಪಿದವನಿಗೆ ಹೊಡೆತ ಸಿಗುತ್ತದೆ. ಆ ಅರ್ಧ ಕ್ಷಣ ರಾವುತನ ತೋಳಿನಿಂದ ಬರುವುದಿಲ್ಲ, ಕುದುರೆಯ ಕಾಲಿನಿಂದ ಬರುತ್ತದೆ.

ಆಟದ ತವರು ಮಣಿಪುರ. ಅಲ್ಲಿ ಸಗೋಲ್ ಕಾಂಗ್ಜೈ ಎಂಬ ಹೆಸರಿನಲ್ಲಿ ತಂಡಕ್ಕೆ ಏಳು ಜನರಂತೆ, ಗೋಲುಕಂಬವೇ ಇಲ್ಲದೆ, ಪುಟ್ಟ ಕುದುರೆಗಳ ಮೇಲೆ ಆಡುತ್ತಿದ್ದರು. ಅಸ್ಸಾಂ ಕಡೆಯ ಚಹಾ ತೋಟದ ಬ್ರಿಟಿಷರೂ ಸೇನಾಧಿಕಾರಿಗಳೂ ಇದನ್ನು ನೋಡಿ ಕಲಿತು 1859ರಲ್ಲಿ ಸಿಲ್ಚಾರ್‌ನಲ್ಲಿ ಕ್ಲಬ್ ಕಟ್ಟಿದರು. 1862ರಲ್ಲಿ ಕಲ್ಕತ್ತದಲ್ಲಿ ಕ್ಲಬ್ ಬಂತು. ಏಳೆಂಟು ವರ್ಷದೊಳಗೆ ಇಂಗ್ಲೆಂಡ್‌ನ ಅಶ್ವದಳಗಳಿಗೂ ಇದರ ಹುಚ್ಚು ಹತ್ತಿತು. 1871ರಲ್ಲಿ ಲಂಡನ್ ಹೊರವಲಯದ ಹೌನ್ಸ್ಲೋ ಬಯಲಿನಲ್ಲಿ 10ನೇ ಹುಸಾರ್ಸ್ ಮತ್ತು 9ನೇ ಲ್ಯಾನ್ಸರ್ಸ್ ಎದುರುಬದುರಾದವು. 1875ರಲ್ಲಿ ಲಂಡನ್‌ನ ಹರ್ಲಿಂಗ್‌ಹ್ಯಾಮ್ ಕ್ಲಬ್ ನಿಯಮಗಳನ್ನು ಬರೆದು ಹೊರಡಿಸಿತು. ಮಣಿಪುರದ ಬಯಲಿನ ಆಟ ಹದಿನಾರೇ ವರ್ಷದಲ್ಲಿ ಲಂಡನ್‌ನ ಹುಲ್ಲುಹಾಸಿಗೆ ಸೇರಿತ್ತು.

ಅಮೆರಿಕಕ್ಕೆ ಒಯ್ದವರು ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆಯ ಒಡೆಯ ಜೇಮ್ಸ್ ಗಾರ್ಡನ್ ಬೆನೆಟ್. ಇಂಗ್ಲೆಂಡ್‌ನಲ್ಲಿ ಆಟ ನೋಡಿ ಮಾರುಹೋದ ಅವರು 1876ರಲ್ಲಿ ಕೋಲು, ಚೆಂಡುಗಳೊಂದಿಗೆ ಊರಿಗೆ ಮರಳಿದರು. ಟೆಕ್ಸಸ್‌ನಿಂದ ದನಗಾಹಿಗಳ ಕುದುರೆಗಳನ್ನು ತರಿಸಿದರು. ಚಳಿಗಾಲವಾದ್ದರಿಂದ ಮೊದಲ ಆಟಗಳು ಸವಾರಿ ಶಾಲೆಯೊಂದರ ಮಾಡಿನ ಕೆಳಗೆ ನಡೆದವು. ಅದೇ ವರ್ಷ ವೆಸ್ಟ್‌ಚೆಸ್ಟರ್ ಪೋಲೊ ಕ್ಲಬ್ ಹುಟ್ಟಿತು. ಕೆಲವೇ ವರ್ಷಗಳಲ್ಲಿ ಅದರ ಚಟುವಟಿಕೆ, ನ್ಯೂಯಾರ್ಕ್‌ನ ಶ್ರೀಮಂತರು ಬೇಸಿಗೆ ಕಳೆಯುತ್ತಿದ್ದ ನ್ಯೂಪೋರ್ಟ್ ಎಂಬ ಸಮುದ್ರತೀರದ ಊರಿಗೆ ಸಾಗಿತು. 1886ರ ಆಗಸ್ಟ್‌ನಲ್ಲಿ ಹರ್ಲಿಂಗ್‌ಹ್ಯಾಮ್‌ನ ನಾಲ್ವರು ಆಟಗಾರರು ಈ ಕ್ಲಬ್‌ನ ಆಹ್ವಾನದ ಮೇರೆಗೆ ಅಲ್ಲಿಗೆ ಬಂದರು. ಟಿಫನಿ ಕಂಪನಿಯಿಂದ 1,000 ಡಾಲರ್ ಬೆಲೆಯ ಬೆಳ್ಳಿ ಕಪ್ ತಯಾರಾಗಿತ್ತು.

ಪಂದ್ಯ ಪೂರ್ತಿ ಏಕಪಕ್ಷೀಯವಾಯಿತು: 10–4, ಮತ್ತೆ 14–2. ಬ್ರಿಟಿಷ್ ತಂಡದ ನಾಯಕ ಜಾನ್ ವಾಟ್ಸನ್ 13ನೇ ಹುಸಾರ್ಸ್‌ನ ಅಧಿಕಾರಿ, ಐರ್ಲೆಂಡ್‌ನವನು, ಭಾರತದಲ್ಲಿ ಆಡಿ ಪಳಗಿದವನು. ಅಮೆರಿಕನ್ನರು ಚೆಂಡು ಕಂಡಲ್ಲಿಗೆ ನಾಲ್ವರೂ ನುಗ್ಗುತ್ತಿದ್ದರು. ವಾಟ್ಸನ್ ಹಿಂದೆ ನಿಂತು, ತನ್ನತ್ತ ಉರುಳಿ ಬಂದ ಚೆಂಡನ್ನು ಕುದುರೆ ತಿರುಗಿಸುವ ಗೊಡವೆಯೇ ಇಲ್ಲದೆ ಹಿಮ್ಮುಖವಾಗಿ ಬೀಸಿ ಮುಂದಿದ್ದ ಜೊತೆಗಾರನಿಗೆ ದಾಟಿಸುತ್ತಿದ್ದ. ಕುದುರೆಯನ್ನು ನಿಲ್ಲಿಸಿ ತಿರುಗಿಸುವುದರಲ್ಲಿ ಎದುರಾಳಿಗಳು ಹಿಂದೆ ಬೀಳುತ್ತಿದ್ದರು. ಈ ಹಿಂಬೀಸು ಹೊಡೆತ ಮತ್ತು ಒಬ್ಬೊಬ್ಬನಿಗೂ ಗೊತ್ತಾದ ಒಂದು ಜಾಗ, ಇವೆರಡೂ ಭಾರತದ ದಂಡು ಪ್ರದೇಶಗಳಲ್ಲಿ ರೆಜಿಮೆಂಟುಗಳ ನಡುವೆ ವರ್ಷಗಟ್ಟಲೆ ನಡೆದ ಆಟದಲ್ಲಿ ಹದಗೊಂಡ ವಿದ್ಯೆ. ಅಂದು ಸೋತ ಅಮೆರಿಕ ತಂಡದಲ್ಲಿ ಥಾಮಸ್ ಹಿಚ್‌ಕಾಕ್ ಎಂಬ ತರುಣನಿದ್ದ. ಈ ಹೆಸರು ಮುಂದೆ ಮತ್ತೆ ಬರುತ್ತದೆ.

ಆ ದಂಡು ಪ್ರದೇಶಗಳಲ್ಲಿ ಒಂದು ನಮ್ಮ ಬೆಂಗಳೂರು. ಇಲ್ಲಿನ ಒಂದು ಪ್ರಸಂಗ ನನ್ನ ವಾದಕ್ಕೆ ನೇರ ಸಾಕ್ಷಿಯಾಗಿರುವುದರಿಂದ ಸ್ವಲ್ಪ ನಿಂತು ಹೇಳುತ್ತೇನೆ. 1896ರಲ್ಲಿ 4ನೇ ಹುಸಾರ್ಸ್ ರೆಜಿಮೆಂಟ್ ಮುಂಬಯಿಗೆ ಬಂದಿಳಿದು ಬೆಂಗಳೂರಿಗೆ ಹೊರಟಿತ್ತು. ಅದರಲ್ಲಿ ವಿನ್‌ಸ್ಟನ್ ಚರ್ಚಿಲ್ ಎಂಬ ಇಪ್ಪತ್ತೊಂದರ ಕಿರಿಯ ಅಧಿಕಾರಿಯಿದ್ದ. ಮುಂದೆ ಬ್ರಿಟನ್ನಿನ ಪ್ರಧಾನಿಯಾದವನೇ. ಸಸೂನ್ ಡಾಕ್‌ನಲ್ಲಿ ದೋಣಿಯಿಂದ ಇಳಿಯುವಾಗ ಗೋಡೆಯ ಕಬ್ಬಿಣದ ಬಳೆಯನ್ನು ಹಿಡಿದನು. ಅಲೆಗೆ ದೋಣಿ ತಗ್ಗಿ, ಬಲಭುಜದ ಕೀಲು ಜಗ್ಗಿತು. ಜೀವಮಾನವಿಡೀ ಆ ಭುಜ ಕೀಲು ತಪ್ಪುತ್ತಲೇ ಇತ್ತು. ಭಾರತಕ್ಕೆ ಹೊಸದಾಗಿ ಬಂದ ರೆಜಿಮೆಂಟ್ ಪೋಲೊ ತಂಡ ಕಟ್ಟಲು ಸಾಮಾನ್ಯವಾಗಿ ವರ್ಷಗಳೇ ಹಿಡಿಯುತ್ತಿದ್ದವು, ಏಕೆಂದರೆ ಕುದುರೆ ಕೊಂಡು ಪಳಗಿಸಬೇಕು. ಈ ಅಧಿಕಾರಿಗಳು ಅಡ್ಡದಾರಿ ಹಿಡಿದರು. ಪೂನಾ ಲೈಟ್ ಹಾರ್ಸ್ ಎಂಬ ದಳಕ್ಕೆ ಮುಂಬಯಿಯ ಬೈಕುಲ್ಲಾದ ಲಾಯಗಳು ಹತ್ತಿರ. ಅರಬ್ಬೀ ಕುದುರೆಗಳು ಹಡಗಿನಲ್ಲಿ ಬಂದು ಇಳಿಯುತ್ತಿದ್ದದ್ದು ಅಲ್ಲಿಗೇ. ಆ ದಳದ ಬಳಿ ಇದ್ದ 25 ಪಳಗಿದ ಕುದುರೆಗಳನ್ನು ಒಟ್ಟಿಗೆ ಕೊಂಡುಬಿಟ್ಟರು.

ಪರಿಣಾಮ ತಕ್ಷಣವೇ ಕಾಣಿಸಿತು. ಕೆಲವೇ ವಾರಗಳಲ್ಲಿ ಈ ಹೊಸಬರು ಹೈದರಾಬಾದಿನ ಗೋಲ್ಕೊಂಡ ಕಪ್ ಗೆದ್ದರು. 1899ರಲ್ಲಿ ಕುದುರೆಗಳನ್ನು ವಿಶೇಷ ರೈಲಿನಲ್ಲಿ ತುಂಬಿಸಿಕೊಂಡು ಬೆಂಗಳೂರಿನಿಂದ ಎರಡು ಸಾವಿರ ಕಿಲೋಮೀಟರಿಗೂ ದೂರದ ಮೀರತ್‌ಗೆ ಹೋಗಿ, ಅಂತರ ರೆಜಿಮೆಂಟ್ ಕಪ್ಪನ್ನೂ ತಂದರು. ದಕ್ಷಿಣ ಭಾರತದಲ್ಲಿ ಬೀಡುಬಿಟ್ಟ ಬ್ರಿಟಿಷ್ ಅಶ್ವದಳವೊಂದು ಅದನ್ನು ಗೆದ್ದದ್ದು ಅದೇ ಮೊದಲು. ಫೈನಲ್‌ನಲ್ಲಿ ಚರ್ಚಿಲ್ ತೋಳನ್ನು ಪಟ್ಟಿಯಿಂದ ಮೈಗೆ ಬಿಗಿದುಕೊಂಡು ಆಡಿದ. ಅವನ ಎದೆಗಾರಿಕೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತೋಳು ಪೂರ್ತಿ ಎತ್ತಲಾಗದವನೂ ಗೆಲ್ಲುವ ತಂಡದಲ್ಲಿ ಇರಬಹುದಾಗಿತ್ತು ಎಂದರೆ, ಆ 25 ಕುದುರೆಗಳ ಪಾಲು ಎಷ್ಟಿರಬೇಕು?

ಈ ಪಾಠವನ್ನು ಎಲ್ಲರಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡವರು ನ್ಯೂಯಾರ್ಕ್‌ನ ಹ್ಯಾರಿ ಪೇಯ್ನ್ ವಿಟ್ನಿ. 1900 ಮತ್ತು 1902ರಲ್ಲಿ ಅಮೆರಿಕ ತಂಡಗಳು ಹರ್ಲಿಂಗ್‌ಹ್ಯಾಮ್‌ಗೆ ಹೋಗಿ ಬರಿಗೈಯಲ್ಲಿ ಮರಳಿದ್ದವು. ವಿಟ್ನಿಗೆ ಅಪಾರ ಆಸ್ತಿಯಿತ್ತು, ಓಟದ ಕುದುರೆಗಳ ಲಾಯವೂ ಇತ್ತು. ಅವರು ವರ್ಷಗಳ ಕಾಲ ಒಳ್ಳೆಯ ಪೋಲೊ ಕುದುರೆ ಎಲ್ಲಿದ್ದರೂ, ಇಂಗ್ಲೆಂಡ್‌ನಲ್ಲಿದ್ದರೂ ಸರಿ, ಕೇಳಿದ ಬೆಲೆ ಕೊಟ್ಟು ಕೊಂಡರು. 1909ರಲ್ಲಿ ಅವರ ತಂಡ ಹರ್ಲಿಂಗ್‌ಹ್ಯಾಮ್‌ನಲ್ಲಿ 9–5, 8–2ರಿಂದ ಗೆದ್ದು ಕಪ್ಪನ್ನು ಮೊದಲ ಬಾರಿಗೆ ಅಮೆರಿಕಕ್ಕೆ ಒಯ್ದಿತು. ವಿಟ್ನಿ, ಡೆವರೋ ಮಿಲ್‌ಬರ್ನ್, ವಾಟರ್‌ಬರಿ ಸೋದರರಾದ ಲ್ಯಾರಿ ಮತ್ತು ಮಾಂಟಿ, ಈ ನಾಲ್ವರನ್ನು ಪೋಲೊ ಲೋಕ ಇಂದಿಗೂ ‘ಬಿಗ್ ಫೋರ್’ ಎಂದೇ ನೆನೆಯುತ್ತದೆ.

ಆಟದ ಬಗೆಯೂ ಬದಲಾಗಿತ್ತು. ಇಂಗ್ಲೆಂಡ್‌ನಲ್ಲಿ ಆಗಿನ್ನೂ ಆಫ್‌ಸೈಡ್ ನಿಯಮವಿತ್ತು, ಅಮೆರಿಕದಲ್ಲಿ ಇರಲಿಲ್ಲ. ಆಫ್‌ಸೈಡ್ ಇದ್ದಾಗ ಚೆಂಡನ್ನು ಉದ್ದಕ್ಕೆ ಹೊಡೆದು ಮುಂದೆ ಕಾದವನಿಗೆ ತಲುಪಿಸುವಂತಿಲ್ಲ, ಹತ್ತಿರ ಹತ್ತಿರ ಒಯ್ಯಬೇಕು. ಅಮೆರಿಕನ್ನರು ದೂರಕ್ಕೆ ಬೀಸಿ, ಅದರ ಹಿಂದೆ ಪೂರ್ಣ ವೇಗದಲ್ಲಿ ನುಗ್ಗುವುದನ್ನು ರೂಢಿಸಿಕೊಂಡಿದ್ದರು. ಹಿಂಬದಿ ಕಾಯಬೇಕಾದ ಮಿಲ್‌ಬರ್ನ್ ಅವಕಾಶ ಕಂಡರೆ ತಾನೇ ಚೆಂಡಿನೊಂದಿಗೆ ಗೋಲಿನತ್ತ ಧಾವಿಸುತ್ತಿದ್ದ. ಅವನ ಜಾಗವನ್ನು ಇನ್ನೊಬ್ಬ ತುಂಬುತ್ತಿದ್ದ. ಇಂಥ ಆಟಕ್ಕೆ ದೊಡ್ಡದಾದ, ಓಟದ ರಕ್ತವಿರುವ ಕುದುರೆಯೇ ಬೇಕು. ಸ್ವಲ್ಪ ಕಾಲದಲ್ಲೇ ಇಂಗ್ಲೆಂಡ್ ಆಫ್‌ಸೈಡ್ ಕೈಬಿಟ್ಟಿತು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಕುದುರೆಯ ಎತ್ತರಕ್ಕಿದ್ದ ಮಿತಿಯೂ ಹೋಯಿತು. ಆಟ ಹುಟ್ಟಿದ ನಾಡಿನ ಕುದುರೆ, 13 ಮುಷ್ಟಿಗಿಂತ, ಅಂದರೆ ಸುಮಾರು ನಾಲ್ಕೂಕಾಲು ಅಡಿಗಿಂತ ಎತ್ತರ ಬೆಳೆಯದ ಮಣಿಪುರಿ ತಳಿ, ಅಂತರರಾಷ್ಟ್ರೀಯ ಪೋಲೊದಿಂದ ಶಾಶ್ವತವಾಗಿ ಹೊರಗುಳಿದದ್ದು ಹೀಗೆಯೇ.

1914ರಲ್ಲಿ ಇಂಗ್ಲೆಂಡ್ ತಿರುಗಿ ಬಿದ್ದಿತು. ಈ ಬಾರಿ ಲಾರ್ಡ್ ವಿಂಬೋರ್ನ್ ಎಂಬ ಧನಿಕರು ತಂಡದ ಬೆನ್ನಿಗೆ ನಿಂತರು. ಟಾಮ್‌ಕಿನ್ಸನ್, ಚೀಪ್, ಬ್ಯಾರೆಟ್, ಲಾಕೆಟ್ ಎಂಬ ನಾಲ್ವರು ಸೈನ್ಯಾಧಿಕಾರಿಗಳು ಜೂನ್‌ನಲ್ಲಿ ಮೆಡೋ ಬ್ರೂಕ್‌ನಲ್ಲಿ 8½–3, 4–2¾ರಿಂದ ಗೆದ್ದು ಕಪ್ಪನ್ನು ಮರಳಿ ಒಯ್ದರು. ಎರಡು ತಿಂಗಳೊಳಗೆ ಮಹಾಯುದ್ಧ ಶುರುವಾಯಿತು. ಆ ಕಾಲದ ಅತ್ಯುತ್ತಮ ಬ್ರಿಟಿಷ್ ಆಟಗಾರನೆಂದು ಹೆಸರಾಗಿದ್ದ ಲೆಸ್ಲಿ ಚೀಪ್ 1916ರ ಏಪ್ರಿಲ್‌ನಲ್ಲಿ ಈಜಿಪ್ಟಿನ ರಣರಂಗದಲ್ಲಿ ಮಡಿದ. ಬ್ರಿಟನ್ ಮತ್ತೆ ಈ ಕಪ್ ಗೆಲ್ಲಲು 83 ವರ್ಷ ಹಿಡಿಯಿತು.

ಯುದ್ಧದ ನಂತರದ ಹತ್ತೊಂಬತ್ತು ವರ್ಷ ಅಮೆರಿಕದ್ದೇ ಕಾಲ. 1921ರಲ್ಲಿ ಹರ್ಲಿಂಗ್‌ಹ್ಯಾಮ್‌ನಲ್ಲಿ 11–4, 10–6. 1924ರಲ್ಲಿ 16–5, 14–5. 1886ರಲ್ಲಿ ಸೋತ ಥಾಮಸ್ ಹಿಚ್‌ಕಾಕ್‌ನ ಮಗ ಟಾಮಿ ಹಿಚ್‌ಕಾಕ್ ಈ ತಂಡಗಳ ಜೀವಾಳ. ಹದಿನೇಳನೇ ವಯಸ್ಸಿನಲ್ಲಿ ಫ್ರಾನ್ಸ್‌ನ ವಾಯುಪಡೆ ಸೇರಿ, ಜರ್ಮನ್ನರ ಸೆರೆಗೆ ಸಿಕ್ಕು, ಓಡುವ ರೈಲಿನಿಂದ ಜಿಗಿದು, ರಾತ್ರಿ ಹೊತ್ತು ನಡೆದು ನಡೆದು ಸ್ವಿಟ್ಜರ್ಲೆಂಡ್ ಸೇರಿದವನು. ಅವನ ಆಟವನ್ನು ನೋಡಲೆಂದೇ ಜನ ನ್ಯೂಯಾರ್ಕ್‌ನಿಂದ ರೈಲು ಹತ್ತಿ ಬರುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ, ಇಂಗ್ಲೆಂಡ್‌ನಲ್ಲಿ ಮಸ್ಟಾಂಗ್ ಯುದ್ಧವಿಮಾನ ಪರೀಕ್ಷಿಸುವಾಗ ಅಪಘಾತದಲ್ಲಿ ತೀರಿಕೊಂಡ. ಟಾಮಿಯ ಪ್ರತಿಭೆಗೆ ನಾನು ತಲೆಬಾಗುತ್ತೇನೆ. ಕುದುರೆಗಳೇ ಎಲ್ಲವನ್ನೂ ನಿರ್ಧರಿಸಿದವು ಎಂದರೆ ಇಂಥವರಿಗೆ ಅನ್ಯಾಯವಾಗುತ್ತದೆ. ಆದರೂ 16–5ರಂಥ ಅಂತರ ಬರೀ ಪ್ರತಿಭೆಯಿಂದ ಹುಟ್ಟುವುದಲ್ಲ. ಅಮೆರಿಕದಲ್ಲಿ ಆಗ ಹೊಸ ಸಂಪತ್ತು ಉಕ್ಕುತ್ತಿತ್ತು; ಬ್ರಿಟನ್ ಯುದ್ಧದ ಸಾಲದಲ್ಲಿ ಮುಳುಗಿತ್ತು, ಅದರ ಆಟಗಾರರು ಸಂಬಳದ ಸೈನ್ಯಾಧಿಕಾರಿಗಳಾಗಿದ್ದರು.

ಈ ಹೊತ್ತಿನಲ್ಲಿ ಬ್ರಿಟನ್ ನೋಡಿದ್ದು ಭಾರತದ ಕಡೆಗೆ. 1927ರ ಸವಾಲನ್ನು ಭಾರತದಲ್ಲಿದ್ದ ಬ್ರಿಟಿಷ್ ಸೇನೆಯ ಪೋಲೊ ಸಂಘ ವಹಿಸಿಕೊಂಡಿತು. ತಂಡಕ್ಕೆ ‘ಆರ್ಮಿ ಇನ್ ಇಂಡಿಯಾ’ ಎಂದೇ ಹೆಸರು. ಸಂಸ್ಥಾನಗಳ ಅರಸರು ತಮ್ಮ ಲಾಯಗಳಿಂದ ಆರಿಸಿದ ಕುದುರೆಗಳನ್ನು ಕೊಟ್ಟರು. ಆ ಕುದುರೆಗಳು ಭಾರತದಿಂದ ಇಂಗ್ಲೆಂಡ್‌ಗೆ, ಅಲ್ಲಿಂದ ಅಟ್ಲಾಂಟಿಕ್ ದಾಟಿ ಲಾಂಗ್ ಐಲೆಂಡ್‌ಗೆ ಹಡಗಿನಲ್ಲಿ ಪಯಣಿಸಿದವು. ಸಮುದ್ರಯಾನದಲ್ಲಿ ಕುದುರೆ ಮಲಗಲಾರದೆ ವಾರಗಟ್ಟಲೆ ನಿಂತೇ ಇರಬೇಕಾಗುತ್ತದೆ, ಕಾಲು ಬಾಯುತ್ತವೆ, ಮೈ ಇಳಿಯುತ್ತದೆ. ಇಳಿದ ಮೇಲೆ ಚೇತರಿಸಿಕೊಳ್ಳಲು ದಿನಗಳು ಬೇಕು. ಫಲಿತಾಂಶ 13–3, 8–5, ಗೆದ್ದದ್ದು ಅಮೆರಿಕ.

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಆ ಸೋಲಲ್ಲ. ಆಟ ಭಾರತದ್ದು, ತರಬೇತಿಯಾದದ್ದು ಭಾರತದಲ್ಲಿ, ಕುದುರೆಗಳು ಭಾರತೀಯ ಅರಸರವು, ತಂಡದ ಹೆಸರಿನಲ್ಲೂ ಇಂಡಿಯಾ ಇತ್ತು. ಆದರೆ ಮೈದಾನಕ್ಕಿಳಿದವರಲ್ಲಿ ಒಬ್ಬ ಭಾರತೀಯನೂ ಇರಲಿಲ್ಲ. ಆ ವರ್ಷ ಮಾತ್ರವಲ್ಲ, 1886ರಿಂದ 1939ರವರೆಗೆ ವೆಸ್ಟ್‌ಚೆಸ್ಟರ್ ಕಪ್ ಆಡಿದ ಬ್ರಿಟಿಷ್ ತಂಡಗಳಲ್ಲಿ ಯಾವುದರಲ್ಲೂ ಭಾರತೀಯನ ಹೆಸರಿಲ್ಲ. ಯೋಗ್ಯರಿರಲಿಲ್ಲ ಎಂದು ಹೇಳುವಂತಿಲ್ಲ. 1933ರಲ್ಲಿ ಜೈಪುರದ ಮಹಾರಾಜ ಸವಾಯಿ ಮಾನಸಿಂಗ್, ರಾವ್ ರಾಜಾ ಹನೂತ್ ಸಿಂಗ್, ಅಭಯ್ ಸಿಂಗ್, ಪೃಥ್ವಿ ಸಿಂಗ್ ಇದ್ದ ತಂಡ ಇಂಗ್ಲೆಂಡ್‌ಗೆ ಹೋಗಿ ಆ ಋತುವಿನ ಪ್ರಮುಖ ಪಂದ್ಯಾವಳಿಗಳನ್ನೆಲ್ಲ ಗುಡಿಸಿ ಹಾಕಿತು. ಮೂರು ವರ್ಷದ ನಂತರ ಅದೇ ಹರ್ಲಿಂಗ್‌ಹ್ಯಾಮ್‌ನಲ್ಲಿ ವೆಸ್ಟ್‌ಚೆಸ್ಟರ್ ಕಪ್‌ಗಾಗಿ ಇಳಿದ ಬ್ರಿಟಿಷ್ ತಂಡ 10–9, 8–6ರಿಂದ ಸೋತಿತು. ಮೊದಲ ಪಂದ್ಯ ಕೈತಪ್ಪಿದ್ದು ಒಂದೇ ಗೋಲಿನಿಂದ. ಹನೂತ್ ಸಿಂಗ್ ಆ ತಂಡದಲ್ಲಿದ್ದಿದ್ದರೆ ಏನಾಗುತ್ತಿತ್ತು ಎಂದು ಊಹಿಸಿಕೊಳ್ಳುವ ಹಕ್ಕು ನಮಗಿದೆ. ಸ್ವತಂತ್ರ ಭಾರತದ ಪರವಾಗಿ ಅದೇ ಮಾನಸಿಂಗ್ ಮತ್ತು ಹನೂತ್ ಸಿಂಗ್, ಕಿಶನ್ ಸಿಂಗ್ ಮತ್ತು ಬಿಜಯ್ ಸಿಂಗ್ ಅವರ ಜೊತೆಗೂಡಿ, 1957ರಲ್ಲಿ ಫ್ರಾನ್ಸ್‌ನ ದೋವಿಲ್‌ನಲ್ಲಿ ವಿಶ್ವಕಪ್ ಗೆದ್ದು ತಂದರು.

1939ರ ಜೂನ್‌ನಲ್ಲಿ ಮೆಡೋ ಬ್ರೂಕ್‌ನಲ್ಲಿ ಅಮೆರಿಕ ಮತ್ತೊಮ್ಮೆ ಗೆದ್ದಿತು. ಬ್ರಿಟಿಷ್ ತಂಡದಲ್ಲಿದ್ದ ಬಾಬ್ ಸ್ಕೀನ್ ಎಂಬ ಆಸ್ಟ್ರೇಲಿಯನ್ ಹುಟ್ಟಿದ್ದು ಅಸ್ಸಾಂನಲ್ಲಿ. ಸೆಪ್ಟೆಂಬರ್‌ನಲ್ಲಿ ಯುದ್ಧ ಸಾರಲಾಯಿತು. ಅಲ್ಲಿಗೆ ಈ ಕಪ್‌ನ ಒಂದು ಯುಗ ಮುಗಿಯಿತು.

ಯುದ್ಧವನ್ನೊಂದೇ ದೂರಿದರೆ ಲೆಕ್ಕ ಪೂರ್ತಿಯಾಗುವುದಿಲ್ಲ. ಬ್ರಿಟಿಷ್ ಪೋಲೊದ ಬೇರು ಅಶ್ವದಳ. ಸರ್ಕಾರದ ಖರ್ಚಿನಲ್ಲಿ ಕುದುರೆ, ಲಾಯ, ಕುದುರೆ ನೋಡಿಕೊಳ್ಳುವ ಸೈಸರು, ಮೈದಾನ ಸಿಗುತ್ತಿದ್ದುದರಿಂದಲೇ ಸಾಧಾರಣ ಸಂಬಳದ ಅಧಿಕಾರಿಗೂ ಆಡಲು ಸಾಧ್ಯವಾಗಿತ್ತು. 1920ರ ದಶಕದ ಕೊನೆಯಿಂದ ರೆಜಿಮೆಂಟುಗಳ ಕುದುರೆಗಳನ್ನು ತೆಗೆದು ಟ್ಯಾಂಕು, ಶಸ್ತ್ರಸಜ್ಜಿತ ವಾಹನಗಳನ್ನು ಕೊಡಲಾರಂಭಿಸಿದರು. 1947ರಲ್ಲಿ ಭಾರತವೂ ಬ್ರಿಟನ್ನಿನ ಕೈತಪ್ಪಿತು. ಹರ್ಲಿಂಗ್‌ಹ್ಯಾಮ್‌ನ ಪೋಲೊ ಮೈದಾನಗಳಲ್ಲಿ ಯುದ್ಧಕಾಲದಲ್ಲಿ ತರಕಾರಿ ಬೆಳೆದರು. ಆಮೇಲೆ ಲಂಡನ್ ಕೌಂಟಿ ಕೌನ್ಸಿಲ್ ಅವನ್ನು ವಶಕ್ಕೆ ತೆಗೆದುಕೊಂಡು ವಸತಿಗೂ ಉದ್ಯಾನಕ್ಕೂ ಬಳಸಿತು. ಮನೆಗಳಿಲ್ಲದೆ ಪರದಾಡುತ್ತಿದ್ದ ನಗರಕ್ಕೆ ಅದೇ ಸರಿಯಾದ ನಿರ್ಧಾರವೂ ಆಗಿತ್ತು. ಮೆಡೋ ಬ್ರೂಕ್‌ನ ಹಳೆಯ ಮೈದಾನವೂ 1950ರ ದಶಕದಲ್ಲಿ ನ್ಯೂಯಾರ್ಕ್ ಹಬ್ಬಿದ ರಭಸಕ್ಕೆ ಮಾಯವಾಯಿತು.

ಇಷ್ಟರಲ್ಲಿ ಆಟದ ರಾಜಧಾನಿ ದಕ್ಷಿಣಕ್ಕೆ ಸರಿದಿತ್ತು. ಅರ್ಜೆಂಟೀನಾದ ವಿಶಾಲ ಹುಲ್ಲುಗಾವಲುಗಳಲ್ಲಿ ಕುದುರೆ ಸಾಕುವ ಖರ್ಚು ಕಡಿಮೆ, ಸವಾರಿ ಬಲ್ಲ ಕೆಲಸಗಾರರು ಹೇರಳ. ನಾಡತಳಿಯ ಗಟ್ಟಿ ಹೆಣ್ಣುಕುದುರೆಗೆ ಓಟದ ತಳಿಯ ಗಂಡನ್ನು ಕೂಡಿಸಿ, ವೇಗವೂ ತಾಳ್ಮೆಯೂ ಇರುವ ಪೋಲೊ ಕುದುರೆಯನ್ನು ಅವರು ತಲೆಮಾರುಗಳ ಕಾಲ ಬೆಳೆಸಿದರು. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಬ್ರಿಟನ್ನನ್ನು 11–0ರಿಂದ ಮಣ್ಣು ಮುಕ್ಕಿಸಿದರು. ಒಲಿಂಪಿಕ್ಸ್‌ನಲ್ಲಿ ಪೋಲೊ ನಡೆದದ್ದು ಅದೇ ಕೊನೆ. ಅದೇ ವರ್ಷ ಮೆಡೋ ಬ್ರೂಕ್‌ಗೆ ಹೋಗಿ ಅಮೆರಿಕವನ್ನೂ ಸೋಲಿಸಿ ‘ಕಪ್ ಆಫ್ ದಿ ಅಮೆರಿಕಾಸ್’ ಕಿತ್ತುಕೊಂಡರು. ಆ ಕಪ್ಪನ್ನು ಅಮೆರಿಕ ಮತ್ತೆಂದೂ ಗೆಲ್ಲಲಿಲ್ಲ. 1980ರ ನಂತರ ಅದಕ್ಕಾಗಿ ಸೆಣಸುವುದೇ ನಿಂತಿತು. ಅಂದರೆ ವೆಸ್ಟ್‌ಚೆಸ್ಟರ್ ಕಪ್‌ನ ಕೊನೆಯ ವರ್ಷಗಳಲ್ಲೇ ಜಗತ್ತಿನ ಅತ್ಯುತ್ತಮ ತಂಡ ಆ ಕಪ್‌ನ ಹೊರಗಿತ್ತು. ಎರಡೇ ದೇಶಗಳಿಗೆ ಮೀಸಲಾದ ಟ್ರೋಫಿಯ ಮಿತಿ ಇದು. ಬಾವುಟಗಳು ಎಷ್ಟು ಸಡಿಲವಾಗಿದ್ದವು ಎಂಬುದಕ್ಕೆ ಲೂಯಿಸ್ ಲೇಸಿಯ ಉದಾಹರಣೆ ಸಾಕು: ಅರ್ಜೆಂಟೀನಾದಲ್ಲಿ ಬೆಳೆದ ಈತ 1924 ಮತ್ತು 1930ರಲ್ಲಿ ಬ್ರಿಟನ್ ಪರ ವೆಸ್ಟ್‌ಚೆಸ್ಟರ್ ಕಪ್ ಆಡಿದ, ನಡುವೆ 1928ರಲ್ಲಿ ಅರ್ಜೆಂಟೀನಾ ಪರ ಅಮೆರಿಕದ ವಿರುದ್ಧ ಇಳಿದ.

1992ರಲ್ಲಿ ಇಂಗ್ಲೆಂಡ್‌ನ ವಿಂಡ್ಸರ್ ಬಳಿಯ ಗಾರ್ಡ್ಸ್ ಕ್ಲಬ್‌ನಲ್ಲಿ ಈ ಕಪ್‌ಗೆ ಮತ್ತೆ ಜೀವ ಬಂತು; ಅಮೆರಿಕ ಗೆದ್ದಿತು. 1997ರಲ್ಲಿ ಅಲ್ಲೇ ಇಂಗ್ಲೆಂಡ್ ಗೆದ್ದು 83 ವರ್ಷಗಳ ಬರವನ್ನು ನೀಗಿಸಿತು. 2009ರಲ್ಲಿ ಫ್ಲೋರಿಡಾದಲ್ಲಿ ಮತ್ತೆ ಇಂಗ್ಲೆಂಡ್, 2013ರಲ್ಲಿ ಅಮೆರಿಕ. ಪಂದ್ಯಗಳು ಬಿಗಿಯಾಗಿಯೇ ನಡೆದವು. ಆದರೆ ಹಿಂದಿನಂತೆ ಎರಡೋ ಮೂರೋ ಪಂದ್ಯಗಳ ಸರಣಿಯಲ್ಲ, ಒಂದು ಮಧ್ಯಾಹ್ನದ ಒಂದೇ ಪಂದ್ಯ. ಆಟದ ಹಣ, ಅತ್ಯುತ್ತಮ ಆಟಗಾರರು, ಅತ್ಯುತ್ತಮ ಕುದುರೆಗಳು ಇರುವುದು ಬೇರೆ ಕಡೆ.

ಆ ಬೇರೆ ಕಡೆಗೆ ಪೋಲೊದಲ್ಲಿ ‘ಪೇಟ್ರನ್’ ಪದ್ಧತಿ ಎನ್ನುತ್ತಾರೆ. ಒಬ್ಬ ಕೋಟ್ಯಧೀಶ ತಂಡ ಕಟ್ಟುತ್ತಾನೆ, ತಾನೂ ಅದರಲ್ಲಿ ಆಡುತ್ತಾನೆ, ಉಳಿದ ಮೂವರು ವೃತ್ತಿಪರರಿಗೆ ಸಂಬಳ ಕೊಡುತ್ತಾನೆ, ಕುದುರೆಗಳಿಗೂ ಸೈಸರಿಗೂ ವರ್ಷವಿಡೀ ಖರ್ಚು ಮಾಡುತ್ತಾನೆ. ಇಂಗ್ಲೆಂಡ್ ಮತ್ತು ಫ್ಲೋರಿಡಾದ ದೊಡ್ಡ ಪಂದ್ಯಾವಳಿಗಳು ನಡೆಯುವುದು ಹೀಗೆ. ಪೋಲೊದಲ್ಲಿ ಪ್ರತಿ ಆಟಗಾರನಿಗೂ ಮೈನಸ್ 2ರಿಂದ 10ರವರೆಗೆ ಅಂಕ ಕೊಡುತ್ತಾರೆ. 10 ಅಂಕದವರು ಇಂದು ಬಹುಪಾಲು ಅರ್ಜೆಂಟೀನಾದವರೇ. ದೇಶಕ್ಕಾಗಿ ಆಡುವ ಒಂದು ಮಧ್ಯಾಹ್ನಕ್ಕೆ, ಪೇಟ್ರನ್ ಕೊಟ್ಟ ಕುದುರೆಗಳನ್ನು ಅಪಾಯಕ್ಕೆ ಒಡ್ಡಲು ಯಾರು ಮುಂದಾಗುತ್ತಾರೆ? ಇದನ್ನು ಇತ್ತೀಚಿನ ಕೆಡುಕು ಎಂದು ಹಲವರು ಮರುಗುತ್ತಾರೆ. ವಿಟ್ನಿ, ವಿಂಬೋರ್ನ್ ಮಾಡಿದ್ದಾದರೂ ಇದನ್ನೇ ಅಲ್ಲವೇ? ಅಂದು ದೇಶದ ಹೆಸರಿತ್ತು, ಇಂದು ಧನಿಕನ ಹೆಸರೇ ನೇರವಾಗಿ ತಂಡದ ಮೇಲಿದೆ.

ಕುದುರೆಯ ತೂಕ ಈಗ ಇನ್ನೊಂದು ಹಂತಕ್ಕೆ ಹೋಗಿದೆ. ಅರ್ಜೆಂಟೀನಾದ ಅಡೊಲ್ಫೊ ಕ್ಯಾಂಬಿಯಾಸೊ ತನ್ನ ಮೆಚ್ಚಿನ ಕುದುರೆಗಳ ಜೀವಕೋಶಗಳನ್ನು ಕಾಪಿಟ್ಟು ತದ್ರೂಪಿಗಳನ್ನು ಹುಟ್ಟಿಸಿದವನು. 2010ರಲ್ಲಿ ಅವನ ಕ್ವಾರ್ಟೆಟೆರಾ ಎಂಬ ಹೆಣ್ಣುಕುದುರೆಯ ತದ್ರೂಪಿಯೊಂದು ಹರಾಜಿನಲ್ಲಿ 8,00,000 ಡಾಲರ್‌ಗೆ ಹೋಯಿತು. 2016ರಲ್ಲಿ ಬ್ಯೂನಸ್ ಐರಿಸ್‌ನ ಪಲೆರ್ಮೊದಲ್ಲಿ ನಡೆದ ಅರ್ಜೆಂಟೀನಾ ಓಪನ್ ಫೈನಲ್‌ನಲ್ಲಿ ಅವನು ಅದೇ ಒಂದು ಕುದುರೆಯ ಆರು ತದ್ರೂಪಿಗಳನ್ನು ಬದಲಿಸಿ ಬದಲಿಸಿ ಏರಿ, ತನ್ನ ತಂಡವನ್ನು ಗೆಲ್ಲಿಸಿದ. ಕುದುರೆ ಬದಲಿಸಿದರೂ ಕುದುರೆ ಬದಲಾಗದಂತೆ ಮಾಡಿದ ಸಾಧನೆ. ಇಷ್ಟು ಹಣ, ಇಷ್ಟು ವಿಜ್ಞಾನ ಹೂಡಬಲ್ಲ ದೇಶಗಳೆಷ್ಟು, ತಂಡಗಳೆಷ್ಟು?

ಈ ಗಂಟನ್ನು ಬಿಡಿಸಲು ಒಂದು ಗಂಭೀರ ಪ್ರಯತ್ನ ನಡೆದಿದೆ, ಮತ್ತು ಅದರ ಬಗ್ಗೆ ನಮ್ಮಲ್ಲಿ ಚರ್ಚೆ ಆಗಬೇಕಾದಷ್ಟು ಆಗಿಲ್ಲ. 1982ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಪೋಲೊ ಒಕ್ಕೂಟ 1987ರಿಂದ ವಿಶ್ವ ಚಾಂಪಿಯನ್‌ಷಿಪ್ ನಡೆಸುತ್ತಿದೆ. ಅದಕ್ಕೆ ಎರಡು ಕಟ್ಟಳೆ. ಒಂದು ತಂಡದ ನಾಲ್ವರ ಅಂಕ ಕೂಡಿದರೆ 14ನ್ನು ಮೀರಬಾರದು. ಕುದುರೆಗಳನ್ನು ಯಾರೂ ತರುವಂತಿಲ್ಲ. ಆತಿಥೇಯ ದೇಶ ಕುದುರೆಗಳನ್ನು ಒದಗಿಸಿ, ಸರಿಸಮವಾದ ಗುಂಪುಗಳಾಗಿ ಹಂಚಿ, ಚೀಟಿ ಎತ್ತಿ ತಂಡಗಳಿಗೆ ಕೊಡುತ್ತದೆ. ಫಲ ಏನಾಯಿತು ನೋಡಿ. ಅರ್ಜೆಂಟೀನಾ ಗೆದ್ದಿದೆ, ನಿಜ. ಆದರೆ 1995, 2001, 2004ರಲ್ಲಿ ಬ್ರೆಜಿಲ್ ಗೆದ್ದಿತು. 2008 ಮತ್ತು 2015ರಲ್ಲಿ ಚಿಲಿ ಗೆದ್ದಿತು. ಸ್ವಂತ ಲಾಯದ ಬಲವನ್ನು ಬದಿಗಿಟ್ಟ ಕೂಡಲೇ ಕಪ್ ಕೈ ಬದಲಾಯಿಸತೊಡಗಿತು. ಮಟ್ಟ ಕುಸಿಯಿತು, ಇದು ಎರಡನೇ ದರ್ಜೆಯ ಪೋಲೊ ಎಂಬ ಆಕ್ಷೇಪವಿದೆ. ಪಲೆರ್ಮೊದ ಆಟಕ್ಕೆ ಹೋಲಿಸಿದರೆ ಆ ಮಾತು ಸುಳ್ಳಲ್ಲ. ಆದರೆ ದೇಶದ ಹೆಸರಿನಲ್ಲಿ ಆಡುವಾಗ ಅಳೆಯಬೇಕಾದದ್ದು ಆ ದೇಶದ ಆಟಗಾರರನ್ನೋ, ಆ ದೇಶದ ಹತ್ತು ಸಿರಿವಂತರನ್ನೋ? ನನ್ನ ಮಟ್ಟಿಗೆ ಚೀಟಿ ಎತ್ತಿದ ಕುದುರೆಯ ಮೇಲೆ ಗೆದ್ದ ಕಪ್‌ಗೆ ಹೆಚ್ಚಿನ ಬೆಲೆಯಿದೆ.

ಇಂಫಾಲದಲ್ಲಿ ಈ ತತ್ವ ದಶಕಗಳಿಂದ ಆಚರಣೆಯಲ್ಲಿದೆ. ಅಲ್ಲಿನ ಮಾಪಾಲ್ ಕಾಂಗ್ಜೈಬುಂಗ್ ಮೈದಾನವನ್ನು ಇಂದಿಗೂ ಬಳಕೆಯಲ್ಲಿರುವ ಜಗತ್ತಿನ ಅತಿ ಹಳೆಯ ಪೋಲೊ ಮೈದಾನವೆಂದು ಗುರುತಿಸುತ್ತಾರೆ. ಅಲ್ಲಿನ ಅಂತರರಾಷ್ಟ್ರೀಯ ಪಂದ್ಯಾವಳಿಗೆ ಬರುವ ವಿದೇಶಿ ತಂಡಗಳು ಆತಿಥೇಯರು ಕೊಟ್ಟ ಮಣಿಪುರಿ ಕುದುರೆಗಳನ್ನೇ ಏರಬೇಕು. 2016ರಲ್ಲಿ ಮಹಿಳೆಯರ ಪಂದ್ಯಾವಳಿ ಶುರುವಾದಾಗ ಅಮೆರಿಕದ ಆಟಗಾರ್ತಿಯರೂ ಬಂದರು. ಎತ್ತರದ, ಓಟದ ತಳಿಯ ಕುದುರೆಗೆ ಒಗ್ಗಿದ ಅವರ ಕಾಲು ಇಲ್ಲಿ ನೆಲದ ಹತ್ತಿರಕ್ಕೇ ಬರುತ್ತದೆ. ಕೋಲಿನ ಉದ್ದ, ಹೊಡೆತದ ಕೋನ, ತಿರುವಿನ ಲೆಕ್ಕ ಎಲ್ಲವನ್ನೂ ಹೊಸದಾಗಿ ಹೊಂದಿಸಿಕೊಳ್ಳಬೇಕು. ಮಣಿಪುರದ ಹುಡುಗಿಯರು ಆ ಕುದುರೆಗಳ ಮೇಲೆ ಬೆಳೆದವರು.

ಆದರೆ ಆ ಕುದುರೆಗಳೇ ಕರಗುತ್ತಿವೆ. 2003ರ ಜಾನುವಾರು ಗಣತಿಯಲ್ಲಿ 1,898 ಇದ್ದ ಮಣಿಪುರಿ ಕುದುರೆಗಳು 2012ರಲ್ಲಿ 1,101ಕ್ಕೆ ಇಳಿದವು. ಲಾಂಫೆಲ್‌ಪಾಟ್‌ನಂಥ ಜೌಗು ಹುಲ್ಲುಗಾವಲುಗಳು ಒತ್ತುವರಿಯಾಗಿ, ಮೇವಿಲ್ಲದ ಕುದುರೆಗಳು ಇಂಫಾಲದ ರಸ್ತೆಗಳಲ್ಲಿ ಕಸದ ರಾಶಿ ಕೆದಕುತ್ತವೆ, ಪ್ಲಾಸ್ಟಿಕ್ ತಿನ್ನುತ್ತವೆ, ವಾಹನಗಳಿಗೆ ಸಿಕ್ಕು ಸಾಯುತ್ತವೆ. 2016ರಲ್ಲಿ ರಾಜ್ಯ ಸರ್ಕಾರ ಸಂರಕ್ಷಣಾ ನೀತಿಯೊಂದನ್ನು ತಂದಿತು. 2023ರ ಜನವರಿಯಲ್ಲಿ ಇಂಫಾಲದ ಬಳಿ ಪೋಲೊ ಆಟಗಾರನ ಬೃಹತ್ ಪ್ರತಿಮೆಯೂ ಎದ್ದಿತು. ಪ್ರತಿಮೆ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಹುಲ್ಲುಗಾವಲಿನ ಗಡಿ ಗುರುತಿಸಿ ಬೇಲಿ ಹಾಕುವ ಕೆಲಸ ಅದಕ್ಕಿಂತ ಮೊದಲು ಆಗಬೇಕಿತ್ತು.

ಇಲ್ಲಿ ಹರ್ಲಿಂಗ್‌ಹ್ಯಾಮ್ ಮತ್ತು ಅಮೆರಿಕದ ಪೋಲೊ ಸಂಘಗಳಿಗೂ ಒಂದು ಹೊಣೆಯಿದೆ. ಅವು ಜೋಪಾನವಾಗಿ ಕಾದುಕೊಂಡ ವೆಸ್ಟ್‌ಚೆಸ್ಟರ್ ಕಪ್ಪನ್ನು ಮೊದಲ ಬಾರಿ ಗೆಲ್ಲಿಸಿಕೊಟ್ಟ ವಿದ್ಯೆ ಹೋದದ್ದು ಈ ಮಣ್ಣಿನಿಂದ. ಮುಂದಿನ ಸಲ ಆ ಕಪ್ಪನ್ನು ಪೆಟ್ಟಿಗೆಯಿಂದ ಹೊರತೆಗೆಯುವಾಗ ಒಂದು ಪಂದ್ಯವನ್ನು ಇಂಫಾಲದಲ್ಲಿ, ಚೀಟಿ ಎತ್ತಿದ ಮಣಿಪುರಿ ಕುದುರೆಗಳ ಮೇಲೆ ಆಡಲಿ. ಅದರ ಹುಟ್ಟುವಳಿಯನ್ನು ಮೇವಿನ ಭೂಮಿಗೆ ಕೊಡಲಿ. ನಮ್ಮ ಕಡೆಯಿಂದ, ಭಾರತೀಯ ಪೋಲೊ ಸಂಘ ದೇಶದೊಳಗಿನ ದೊಡ್ಡ ಪಂದ್ಯಾವಳಿಗಳಲ್ಲಿ ಒಂದನ್ನಾದರೂ ಇದೇ ತಳಿಗೆ ಮೀಸಲಿಡಬಹುದು. ಕುದುರೆಗೆ ಆಟದಲ್ಲಿ ಕೆಲಸ ಇದ್ದರೆ ಅದನ್ನು ಸಾಕುವವನು ಇರುತ್ತಾನೆ, ಮರಿಗೆ ಬೆಲೆ ಬರುತ್ತದೆ. ವರ್ಷಕ್ಕೆ ನಾಲ್ಕೈದು ಪಂದ್ಯಾವಳಿಗಳಷ್ಟೇ ಇರುವಾಗ, ಉಳಿದ ತಿಂಗಳುಗಳಲ್ಲಿ ಆ ಕುದುರೆಯನ್ನು ಬೀದಿಗೆ ಬಿಡದೆ ಬೇರೆ ದಾರಿಯಿಲ್ಲ ಎಂದು ಮಣಿಪುರದ ಬಡ ಸಾಕಣೆದಾರರು ಹೇಳಿದರೆ ಅವರನ್ನು ದೂರುವಂತಿಲ್ಲ.